ದಿಂಬಿನ ಒಳಗೇನಿದೆ

ಹಂಸತೂಲಿಕಾತಲ್ಪ ಎಂಬ ಮಾತು ಕೇಳದ ಕನ್ನಡಿಗರು ಕಡಿಮೆ. ತಾಳಮದ್ದಳೆಯ ಅರ್ಥಧಾರಿಗಳಿಂದ ಹಿಡಿದು ಹಳೆಯ ಪೌರಾಣಿಕ ಸಿನಿಮಾಗಳವರೆಗೆ ರಾಜರಾಣಿಯರು ಮಲಗುವುದೇ ಅದರ ಮೇಲೆ. ನಮ್ಮ ಮನೆಗಳಲ್ಲಿ ತಲೆಯ ಕೆಳಗಿದ್ದದ್ದು ಮಾತ್ರ ಹತ್ತಿ, ಇಲ್ಲವೇ ಬೂರುಗದ ಅರಳೆ. ಹಕ್ಕಿಯ ಗರಿ ತುಂಬಿದ ದಿಂಬು ದಿನಬಳಕೆಯ ವಸ್ತುವಾಗಿ ಬೆಳೆದದ್ದು ಹೆಬ್ಬಾತು ಸಾಕುವ, ಚಳಿ ಕೊರೆಯುವ ಯುರೋಪಿನಲ್ಲಿ. ಮನೆಬಳಕೆಯ ವಸ್ತುಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಪಾತ್ರೆ, ಪೆಟ್ಟಿಗೆ, ಕುರ್ಚಿಗಳ ನಡುವೆ ಈ ದಿಂಬು ಬೇರೆಯಾಗಿ ಕಂಡದ್ದು ಒಂದೇ ಕಾರಣಕ್ಕೆ. ಉಳಿದ ವಸ್ತುಗಳನ್ನು ನೋಡಿ ಕೊಳ್ಳಬಹುದು. ಇದರ ಸತ್ವವೆಲ್ಲ ಹೊಲಿಗೆಯ ಒಳಗಿದೆ.

ಅದರ ಮೇಲಿನ ದೂರುಗಳೂ ಹಳೆಯವು. ಕ್ರಿ.ಶ. 77ರ ಸುಮಾರಿನ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ರೋಮಿನ ಪ್ಲಿನಿ ಜರ್ಮನಿಯ ಬಿಳಿ ಹೆಬ್ಬಾತುಗಳ ಬಗ್ಗೆ ಬರೆಯುತ್ತಾನೆ. ಅವುಗಳ ತುಪ್ಪುಳಕ್ಕೆ ಪೌಂಡಿಗೆ 5 ದಿನಾರಿ ಬೆಲೆಯಂತೆ. ಆ ಬೆಲೆಯ ಆಸೆಗೆ ಸಹಾಯಕ ಪಡೆಗಳ ಅಧಿಕಾರಿಗಳು ಇಡೀ ತುಕಡಿಗಳನ್ನು ಕಾವಲಿನಿಂದ ಬಿಡಿಸಿ ಹಕ್ಕಿ ಹಿಡಿಯಲು ಕಳಿಸುತ್ತಿದ್ದರು, ಅದರಿಂದ ಅವರ ಮೇಲೆ ದೂರುಗಳೂ ಬರುತ್ತಿದ್ದವು. ಈಗ ಗಂಡಸರ ಕುತ್ತಿಗೆಗೂ ಇದಿಲ್ಲದೆ ಆಗದು ಎಂದು ಪ್ಲಿನಿ ಗೊಣಗುತ್ತಾನೆ. ಸಾಮ್ರಾಜ್ಯದ ಗಡಿಗಿಂತ ಕುತ್ತಿಗೆ ದೊಡ್ಡದಾಯಿತಲ್ಲ ಎಂಬುದು ಅವನ ಸಂಕಟ. ಹಳೆಯ ಈಜಿಪ್ಟಿನವರು ಮರದ ತಲೆಯಾಸರೆ ಇಟ್ಟು ಮಲಗಿದರು, ಚೀನಾದವರು ಪಿಂಗಾಣಿಯ ದಿಂಬು ಮಾಡಿದರು. ತಲೆಗೆ ಆಸರೆ ಬೇಕು ಎನ್ನುವುದು ಎಲ್ಲ ಕಡೆಯೂ ಇತ್ತು. ಆಸರೆ ಮೆತ್ತಗೂ ಇರಬೇಕು ಎಂಬ ಹಟವೇ ಮನುಷ್ಯನನ್ನು ಹಕ್ಕಿಯ ಬಳಿಗೆ ಒಯ್ದಿತು.

ಇಲ್ಲಿ ಗರಿ ಬೇರೆ, ತುಪ್ಪುಳ ಬೇರೆ ಎಂಬುದನ್ನು ಹೇಳಬೇಕು. ಗರಿಗೆ ನಡುವೆ ದಂಟಿದೆ. ದಂಟು ಸ್ವಲ್ಪ ಬಾಗಿರುವುದರಿಂದ ಅದುಮಿದರೆ ಬಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ಸಾವಿರಾರು ಪುಟ್ಟ ಸ್ಪ್ರಿಂಗುಗಳಂತೆ ತಲೆಯನ್ನು ಹೊರುವುದು ಅದೇ. ಹೆಬ್ಬಾತಿನ ಎದೆಯ ಹತ್ತಿರ, ಹೊರಗರಿಯ ಅಡಿಯಲ್ಲಿರುವ ತುಪ್ಪುಳಕ್ಕೆ ಆ ದಂಟಿಲ್ಲ. ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹರಡಿದ ನವಿರು ಎಳೆಗಳ ಗೊಂಚಲು ಅದು. ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅದು ಬೆಚ್ಚಗೆ, ಹಗುರ. ಆದರೆ ಬರೀ ತುಪ್ಪುಳದ ದಿಂಬಿನಲ್ಲಿ ತಲೆ ಹೂತುಹೋಗುತ್ತದೆ. ಬರೀ ಗರಿಯ ದಿಂಬು ಭಾರ, ಒಮ್ಮೊಮ್ಮೆ ದಂಟು ಬಟ್ಟೆ ತೂರಿ ಕೆನ್ನೆಗೆ ಚುಚ್ಚುತ್ತದೆ. ಒಳಗೆ ಗರಿ, ಅದರ ಸುತ್ತ ತುಪ್ಪುಳ ತುಂಬಿದ ದಿಂಬುಗಳು ಇಂದು ಮಾರಾಟಕ್ಕಿರುವುದು ಈ ಎರಡು ಗುಣಗಳನ್ನು ಕೂಡಿಸಲೆಂದೇ.

ಹೊಲಿಗೆಯೊಳಗಿನ ಮಾಲು ಯಾರಿಗೂ ಕಾಣದು ಎಂದ ಮೇಲೆ ಮೋಸ ಬರಲೇಬೇಕಲ್ಲವೆ? 1495ರಲ್ಲಿ, ಏಳನೇ ಹೆನ್ರಿಯ ಕಾಲದಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಹಾಸಿಗೆ-ದಿಂಬು ಮಾಡುವವರ ಮೇಲೆಯೇ ಒಂದು ಕಾನೂನು ತಂದಿತು. ಕೇಳಿಕೊಂಡವರು ಲಂಡನ್ನಿನ ಅದೇ ಕಸುಬಿನ ಸಂಘದ ಮುಖ್ಯಸ್ಥರು. ಜಾತ್ರೆ ಸಂತೆಗಳಲ್ಲಿ ಮಾರುವ ದಿಂಬುಗಳಲ್ಲಿ ಒಣಗಿದಂತೆಯೇ ಕಿತ್ತ ಗರಿಯ ಜೊತೆಗೆ ಬಿಸಿನೀರಿನಲ್ಲಿ ಅದ್ದಿ ಕಿತ್ತ ಗರಿಯನ್ನು ಬೆರೆಸುತ್ತಾರೆ, ಗರಿಯ ಜೊತೆ ಉಣ್ಣೆಯ ಚೂರು ತುಂಬುತ್ತಾರೆ ಎಂಬುದು ದೂರು. ಮೆತ್ತೆಗಳೊಳಗಂತೂ ಕುದುರೆಯ ಕೂದಲು, ಜೌಗಿನ ಜೊಂಡಿನ ಅರಳೆ, ಸುಣ್ಣದ ತೊಟ್ಟಿಯಿಂದ ಎತ್ತಿದ ದನ, ಜಿಂಕೆ, ಮೇಕೆಗಳ ಕೂದಲು. ಮಲಗಿದವರ ಮೈಶಾಖಕ್ಕೆ ಇವೆಲ್ಲ ಬಿಸಿಯಾಗಿ ಎಂಥ ನಾತ ಬರುತ್ತದೆಂದರೆ ಎಷ್ಟೋ ಪ್ರಜೆಗಳು ಅದರಿಂದಲೇ ಸತ್ತಿದ್ದಾರೆ ಎಂದು ಕಾನೂನು ಹೇಳುತ್ತದೆ. ನಾತದಿಂದ ಸಾವು ಎಂಬುದು ಆ ಕಾಲದ ವೈದ್ಯಕ್ಕೆ ಸಹಜವಾದ ಮಾತು, ನಾವದನ್ನು ನಂಬಬೇಕಿಲ್ಲ. ಆದರೆ ಒದ್ದೆ ಗರಿ ಸರಿಯಾಗಿ ಒಣಗದಿದ್ದರೆ ಕೊಳೆಯುತ್ತದೆ ಎಂಬುದು ಇಂದಿಗೂ ನಿಜ. ಗರಿಯ ಹಾಸಿಗೆ-ದಿಂಬುಗಳಲ್ಲಿ ಒಣಗಿ ಕಿತ್ತ ಗರಿ ಅಥವಾ ಶುದ್ಧ ತುಪ್ಪುಳ, ಯಾವುದಾದರೂ ಒಂದೇ ಇರಬೇಕು ಎಂದು ಕಾನೂನು ಕಟ್ಟಳೆ ಹಾಕಿತು. ಮನೆಯ ಬಳಕೆಗೆಂದು ಯಾರು ಏನು ತುಂಬಿಕೊಂಡರೂ ಅದು ಅವರಿಷ್ಟ, ಮಾರುವಂತಿಲ್ಲ ಅಷ್ಟೆ.

ಇದನ್ನು ಓದುವಾಗ ನನಗೆ ನಮ್ಮ ಪಿಂಜಾರರು ನೆನಪಾದರು. ಹೆಗಲಿಗೆ ಬಿಲ್ಲು ಹಾಕಿಕೊಂಡು ಬಂದು, ಅಂಗಳದಲ್ಲೇ ದಿಂಬಿನ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮನೆಯವರ ಕಣ್ಣೆದುರೇ ಮತ್ತೆ ತುಂಬಿ ಹೊಲಿದುಕೊಡುವ ಕಸುಬು ಅದು. ಒಳಗೇನಿದೆ ಎಂದು ಕಾನೂನು ಹೇಳಬೇಕಾಗಿರಲಿಲ್ಲ. ಗರಿಯ ದಿಂಬನ್ನು ಹೀಗೆ ಅಂಗಳದಲ್ಲಿ ಬಿಚ್ಚಿದರೆ ಅರ್ಧ ಊರೆಲ್ಲ ಹಾರೀತು.

1577ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಹಳ್ಳಿಯ ಪಾದ್ರಿ ಪ್ರಕಟಿಸಿದ ಇಂಗ್ಲೆಂಡಿನ ವರ್ಣನೆಯಲ್ಲಿ ಒಂದು ಸೊಗಸಾದ ಸಾಕ್ಷ್ಯವಿದೆ. ಎಸೆಕ್ಸ್‌ನ ರ‍್ಯಾಡ್‌ವಿಂಟರ್‌ನಲ್ಲಿ ಅವನಿಗೆ ಗೊತ್ತಿದ್ದ ಮುದುಕರು ತಲೆಯಡಿಗೆ ಮರದ ದಿಮ್ಮಿ ಇಟ್ಟು ಮಲಗಿದ ಕಾಲವನ್ನು ಕಂಡಿದ್ದರು. ಮದುವೆಯಾಗಿ ಏಳು ವರ್ಷದೊಳಗೆ ಹಾಸಿಗೆಯೊಂದನ್ನೂ ತಲೆಗೆ ಹೊಟ್ಟಿನ ಚೀಲವನ್ನೂ ಸಂಪಾದಿಸಿದವನು ಊರ ದೊರೆಯಷ್ಟೇ ಸುಖಿ. ದಿಂಬು ಏನಿದ್ದರೂ ಬಾಣಂತಿಯರಿಗೆ! ಆ ಮುದುಕರ ಜೀವಿತದೊಳಗೇ ದಿಮ್ಮಿ ಹೋಗಿ ದಿಂಬು ಬಂತು. ಗರಿಗೆ ಬೇಡಿಕೆ ಹೀಗೆ ಏರಿದಾಗ ಅದನ್ನು ತೆತ್ತವರು ಯಾರು?

ಉತ್ತರ ಲಿಂಕನ್‌ಶೈರ್‌ನ ಜೌಗು ನಾಡಿನಲ್ಲಿದೆ. 18ನೇ ಶತಮಾನದಲ್ಲಿ ಅಲ್ಲಿ ತಿರುಗಾಡಿದ ಪ್ರಾಣಿಶಾಸ್ತ್ರಜ್ಞ ಥಾಮಸ್ ಪೆನ್ನಂಟ್ ಕಂಡದ್ದನ್ನು ಬರೆದಿಟ್ಟಿದ್ದಾನೆ. ಒಬ್ಬೊಬ್ಬ ಒಡೆಯನ ಬಳಿ ಸಾವಿರ ಹೆಬ್ಬಾತು. ಮೊಟ್ಟೆಯ ಕಾಲದಲ್ಲಿ ಅವು ಮನೆಯವರ ಜೊತೆಗೇ, ಮಲಗುವ ಕೋಣೆಯಲ್ಲೂ, ಒಂದರ ಮೇಲೊಂದು ಮೂರು ಸಾಲು ಬುಟ್ಟಿಗೂಡುಗಳಲ್ಲಿ ವಾಸ. ಕಾಯುವವನು ದಿನಕ್ಕೆರಡು ಸಲ ನೀರಿಗೆ ಹೊಡೆದುಕೊಂಡು ಹೋಗಿ ತಂದು, ಒಂದನ್ನೂ ಅದಲುಬದಲು ಮಾಡದೆ ಆಯಾ ಗೂಡಿಗೆ ಸೇರಿಸುತ್ತಿದ್ದ. ಇಷ್ಟು ಅಕ್ಕರೆಯ ಇದೇ ಹಕ್ಕಿಯನ್ನು ಬದುಕಿರುವಂತೆಯೇ ವರ್ಷಕ್ಕೆ 5 ಸಲ ಕೀಳುತ್ತಿದ್ದರು. ಮೊದಲ ಸಲ ಮಾರ್ಚ್ ಕೊನೆಯಲ್ಲಿ ಗರಿ ಮತ್ತು ಬರೆಯುವ ಲೇಖನಿಗೆ ಬೇಕಾದ ದಂಟು, ಆಮೇಲೆ ಸೆಪ್ಟೆಂಬರ್ ಕೊನೆಯೊಳಗೆ ನಾಲ್ಕು ಸಲ ಬರೀ ಗರಿ. ಆರು ವಾರದ ಮರಿಗಳ ಬಾಲದ ಗರಿಯನ್ನೂ ಬಿಡುತ್ತಿರಲಿಲ್ಲ, ಮುಂದಕ್ಕೆ ರೂಢಿಯಾಗಲಿ ಎಂದು. ಚಳಿ ಬಿದ್ದ ವರ್ಷ ಬಹಳಷ್ಟು ಹಕ್ಕಿಗಳು ಸಾಯುತ್ತಿದ್ದವು. ಪೆನ್ನಂಟ್ ಇದನ್ನು ಕ್ರೂರ ಪದ್ಧತಿ ಎಂದೇ ಕರೆದ. ಗರಿಯ ಮೇಲೆ ತಲೆಯಿಟ್ಟವರಿಗೂ ಗರಿಯ ಲೇಖನಿ ಹಿಡಿದವರಿಗೂ ಮಾಲು ಸಿಕ್ಕುತ್ತಿದ್ದದ್ದು ಒಂದೇ ಬೆನ್ನಿನಿಂದ ಎಂಬುದು ನನ್ನಂಥ ಬರೆಯುವವರಿಗೆ ಹಿತವಾದ ವಿಷಯವಲ್ಲ.

ಗರಿ ಮನೆಗೆ ಬಂದ ಮೇಲೆ ಕೆಲಸವೆಲ್ಲ ಹೆಂಗಸರದ್ದು. ಬ್ರೆಡ್ ಸುಟ್ಟ ಮೇಲೆ ಆರುತ್ತಿರುವ ಒಲೆಯಲ್ಲಿಟ್ಟು ಅದನ್ನು ಒಣಗಿಸಬೇಕು. ಒತ್ತಾಗಿ ನೇಯ್ದ ಬಟ್ಟೆಯ ಒಳಮೈಗೆ ಜೇನುಮೇಣವನ್ನೋ ಸೋಪನ್ನೋ ಉಜ್ಜಬೇಕು, ಇಲ್ಲದಿದ್ದರೆ ಗರಿ ಹೊರಗೆ ಇಣುಕುತ್ತದೆ. ದಿನವೂ ಕೊಡವಬೇಕು, ಗಾಳಿಗೆ ಹಾಕಬೇಕು. ಪೋಲೆಂಡ್, ಜೆಕ್ ನಾಡುಗಳ ಹಳ್ಳಿಗಳಲ್ಲಿ ಚಳಿಗಾಲದ ಸಂಜೆ ನೆರೆಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ ದಂಟಿನಿಂದ ಮೆತ್ತನೆಯ ಭಾಗವನ್ನು ಸುಲಿಯುತ್ತಿದ್ದರು. ಮನೆಯ ಹೆಣ್ಣುಮಗಳ ಮದುವೆಗೆ ದಿಂಬು ಬೇಕಲ್ಲ. ಕಥೆ ಹೇಳಬಹುದು, ಹಾಡಬಹುದು, ಯಾರೂ ಬಾಗಿಲು ತೆರೆಯಬಾರದು, ಸೀನಬಾರದು. ಎಷ್ಟೋ ಸಂಜೆಗಳ ಕೆಲಸಕ್ಕೆ ಒಂದು ದಿಂಬು. ಹಾಗಾಗಿಯೇ ಅದು ಉಯಿಲುಗಳಲ್ಲಿ ಹೆಸರು ಹಿಡಿದು ಬರುತ್ತಿತ್ತು, ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು.

ಆ ಬೆಲೆ ಗೊತ್ತಿದ್ದರೆ ಕಿಶಿನೇವ್‌ನ ಬೀದಿಗಳು ಅರ್ಥವಾಗುತ್ತವೆ. 1903ರ ಏಪ್ರಿಲ್‌ನಲ್ಲಿ, ಈಗಿನ ಮಾಲ್ಡೋವಾದ ರಾಜಧಾನಿಯಾಗಿರುವ ಆ ಊರಿನಲ್ಲಿ ಯಹೂದಿಗಳ ಮೇಲೆ ಎರಡು ದಿನ ದಾಳಿ ನಡೆಯಿತು. 49 ಜನ ಸತ್ತರು. ಗುಂಪು ಮನೆಮನೆಗೆ ನುಗ್ಗಿ ಹಾಸಿಗೆ, ದಿಂಬುಗಳನ್ನು ಸೀಳಿತು. ಬಡವರ ಮನೆಯಲ್ಲಿ ನಾಶ ಮಾಡಲು ಅದಕ್ಕಿಂತ ಬೆಲೆಯುಳ್ಳ ವಸ್ತು ಇನ್ನೇನಿತ್ತು? ವಸಂತದ ಬೀದಿಗಳಲ್ಲಿ ಹಿಮ ಬಿದ್ದಂತೆ ಗರಿ ಹರಡಿತ್ತು ಎಂದು ನೋಡಿದವರು ಹೇಳಿದರು. ಸಾಕ್ಷ್ಯ ಸಂಗ್ರಹಿಸಲು ಒಡೆಸಾದಿಂದ ಹೋದ ಕವಿ ಬಿಯಾಲಿಕ್ ಆಮೇಲೆ ಬರೆದ ದೀರ್ಘ ಹೀಬ್ರೂ ಕವಿತೆಯಲ್ಲೂ ಆ ಗರಿಗಳಿವೆ. ಹೊಲಿಗೆಯೊಳಗೆ ಏನಿತ್ತೆಂಬುದು ಅಂದು ಇಡೀ ಊರಿಗೆ ಕಂಡಿತು.

ಇಂದಿನ ಅಂಗಡಿಯಲ್ಲಿ ಚೀಟಿಯೊಂದು ದಿಂಬಿಗೆ ಹೊಲಿದಿರುತ್ತದೆ, ತುಪ್ಪುಳ ಶೇಕಡಾ ಎಷ್ಟು, ಗರಿ ಎಷ್ಟು ಎಂದು. 1495ರ ಕಾನೂನಿನ ಮರಿಮಗ ಎನ್ನಬಹುದು. ‘ಫಿಲ್ ಪವರ್’ ಎಂಬ ಅಂಕಿ ಕಂಡರೆ ಅದು ಒಂದು ಔನ್ಸ್ ತುಪ್ಪುಳ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬ ಲೆಕ್ಕ. ಅಂಕಿ ಹೆಚ್ಚಿದ್ದರೆ ಉಬ್ಬು ಹೆಚ್ಚು, ಆದರೆ ಕುತ್ತಿಗೆಗೆ ಆಸರೆ ಹೆಚ್ಚು ಎಂದಲ್ಲ. ಮಗ್ಗುಲಾಗಿ ಮಲಗುವವರಿಗೆ ಭುಜದ ಎತ್ತರ ತುಂಬಬೇಕಾದ್ದರಿಂದ ಗರಿ ಹೆಚ್ಚಿರುವುದೇ ಒಳ್ಳೆಯದು. ಬೋರಲು ಮಲಗುವವರಿಗೆ ತೆಳ್ಳಗಿನ, ತುಪ್ಪುಳದ್ದು ಸಾಕು. ಗರಿಯ ದಿಂಬನ್ನು ನಡುವೆ ಮಡಚಿ ಬಿಟ್ಟಾಗ ತಾನೇ ಬಿಚ್ಚಿಕೊಂಡರೆ ಜೀವ ಇದೆ, ಮಡಚಿದಂತೆಯೇ ಬಿದ್ದಿದ್ದರೆ ಮುಗಿಯಿತು. ಒಗೆದರೆ ಒಳಗಿನವರೆಗೂ ಒಣಗಿಸಲೇಬೇಕು, ಮುಟ್ಟಿದರೆ ಒಣಗಿದಂತೆ ಕಂಡರೂ ನಡುವಿನ ಗಂಟಿನಲ್ಲಿ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದನ್ನು ಒಗೆಯುವ ಸಾಹಸ ಬೇಡ. ದಪ್ಪ ಒಳಗವಸು ಹಾಕಿ, ಗವಸನ್ನಷ್ಟೇ ಆಗಾಗ ಒಗೆದರೆ ದಿಂಬಿಗೂ ಕ್ಷೇಮ. ಇತ್ತೀಚಿನ ಕೆಲವು ಚೀಟಿಗಳಲ್ಲಿ ಇನ್ನೊಂದು ಗುರುತಿರುತ್ತದೆ. ಬದುಕಿರುವ ಹಕ್ಕಿಯಿಂದ ಕಿತ್ತದ್ದಲ್ಲ ಎಂಬ ಖಾತರಿ ಅದು, ಅಂಥ ಒಂದು ಮಾನದಂಡ ಶುರುವಾದದ್ದು 2014ರಲ್ಲಿ. ಕೊಳ್ಳುವಾಗ ನಾನು ಮೊದಲು ಹುಡುಕುವುದು ಅದನ್ನೇ.

ಕೀಳದೆಯೇ ತುಪ್ಪುಳ ಪಡೆಯುವ ಒಂದು ಜಾಗವಿದೆ. ನಾರ್ವೆಯ ವೇಗಾ ದ್ವೀಪಗಳಿಗೆ ಪ್ರತಿ ವಸಂತದಲ್ಲಿ ಐಡರ್ ಎಂಬ ಕಾಡುಬಾತುಗಳು ಮೊಟ್ಟೆಯಿಡಲು ಬರುತ್ತವೆ. ದ್ವೀಪದವರು ಅವುಗಳಿಗೆಂದು ಕಲ್ಲಿನ, ಮರದ ಪುಟ್ಟ ಮನೆಗಳನ್ನು ಕಟ್ಟಿಡುತ್ತಾರೆ. ಹೆಣ್ಣು ಹಕ್ಕಿ ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಮರಿಗಳೊಡನೆ ಅದು ಕಡಲಿಗೆ ಹೊರಟ ಮೇಲೆ ಜನ ಗೂಡಿನಲ್ಲಿ ಉಳಿದದ್ದನ್ನು ಆರಿಸಿಕೊಳ್ಳುತ್ತಾರೆ. ಒಂದು ಕಿಲೋಗೆ ಸುಮಾರು 60 ಗೂಡು ಬೇಕು, ಹಾಗಾಗಿ ಅದರ ಹೊದಿಕೆ ನಮ್ಮ ನಿಮ್ಮ ಕೈಗೆಟುಕುವುದಲ್ಲ. ಮುಖ್ಯವಾಗಿ ಹೆಂಗಸರು ಕಾಪಾಡಿಕೊಂಡು ಬಂದ ಈ ಪದ್ಧತಿಗಾಗಿ 2004ರಲ್ಲಿ ಆ ದ್ವೀಪಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗೂಡಿನ ತುಪ್ಪುಳದಲ್ಲಿ ಹುಲ್ಲು, ಒಣಗಿದ ಕಡಲಪಾಚಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸುವುದು ತಂತಿ ಬಿಗಿದ ಒಂದು ಮರದ ಚೌಕಟ್ಟಿನ ಮೇಲೆ. ತಂತಿಯನ್ನು ಮೀಟಿದಾಗ ಕಸ ಕೆಳಗೆ ಉದುರುತ್ತದೆ, ಎಳೆಗಳು ಒಂದನ್ನೊಂದು ಹಿಡಿದುಕೊಂಡು ಮೇಲೇ ಉಳಿಯುತ್ತವೆ. ಪಿಂಜಾರರ ಬಿಲ್ಲಿನ ಸದ್ದು ಕೇಳಿದವರಿಗೆ ಆ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ.