ಘಟ್ಟದ ದಾರಿಗೆ ಯಾವ ರೇಡಿಯೊ?

ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳುವವರ ನಡುವೆ ಒಂದು ವಾದ ನಡೆದೇ ಇದೆ: ಕಾರಿನಲ್ಲಿ ಉಪಗ್ರಹ ರೇಡಿಯೊ ಬೇಕೋ, ಇಂಟರ್‌ನೆಟ್ಟಿನಿಂದ ಹರಿದು ಬರುವ ಸ್ಟ್ರೀಮಿಂಗ್ ಸಾಕೋ? ಅದೇ ಪ್ರಶ್ನೆಯನ್ನು ಯಲ್ಲಾಪುರದಿಂದ ಮಂಚಿಕೇರಿ ಹಾದು ಶಿರಸಿಗೆ ಹೋಗುವ ರಸ್ತೆಗೆ ತಂದು ನಿಲ್ಲಿಸಿದರೆ ಉತ್ತರ ವಿಚಿತ್ರವಾಗುತ್ತದೆ. ಇಲ್ಲಿಗೆ ಉಪಗ್ರಹ ರೇಡಿಯೊ ಕಾರಿಗಿಂತ ಮೊದಲು ಮನೆಗೆ ಬಂತು. ಎಲೆಕ್ಟ್ರಿಕ್ ಕಾರು ಬರುವ ಹೊತ್ತಿಗೆ ಹೋಗಿಯೂ ಆಗಿತ್ತು. ಸ್ಟ್ರೀಮಿಂಗ್ ಕಾರಿನ ಜೊತೆಗೇ ಬಂದಿದೆ, ಆದರೆ ಟವರ್ ಇದ್ದಷ್ಟು ದೂರ ಮಾತ್ರ. ತಾಳಮದ್ದಲೆ ಶುರುವಾದರೆ ಬೆಳಗಿನವರೆಗೂ ಕೂತು ಕೇಳುವ ಸೀಮೆ ಇದು. ಕೇಳುವ ಕಿವಿಗಳಿಗೆ ಕೊರತೆಯಿಲ್ಲ, ಕೊರತೆ ಇರುವುದು ದಾರಿಯಲ್ಲಿ.

ಈ ಸೀಮೆಗೆ ಮೊದಲು ಗಟ್ಟಿಯಾಗಿ ಕೇಳಿಸಿದ್ದು ಧಾರವಾಡ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765 ಕಿಲೊಹರ್ಟ್ಸ್‌ನದು. ಅಂದರೆ ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್. ಅಷ್ಟು ಉದ್ದದ ಅಲೆಗೆ ನಮ್ಮ ಗುಡ್ಡಗಳು ದೊಡ್ಡ ಅಡ್ಡಿಯಲ್ಲ. ನೆಲಕ್ಕಂಟಿಕೊಂಡೇ ಏರಿಳಿದು ಕಣಿವೆಯ ತಳದ ತೋಟದ ಮನೆಗೂ ಇಳಿಯುತ್ತದೆ. ಎಫ್ಎಂ ಹಾಗಲ್ಲ. ಅದು ಮೂರು ಮೀಟರ್ ಅಲೆ, ನೇರ ನೋಟದ ದಾರಿ ಬೇಡುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಧಾರವಾಡ ಕೇಂದ್ರದಲ್ಲಿ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಅಡಿಕೆ ಸುಲಿಯುವ ಅಂಗಳದಲ್ಲಿ ಹಿಂದೂಸ್ತಾನಿ ಗಾಯನ ಕೇಳಿಸುತ್ತಿದ್ದುದಕ್ಕೆ ಈ ಉದ್ದನೆಯ ಅಲೆಯೂ ಒಂದು ಕಾರಣ.

ಆಮೇಲೆ ಆಕಾಶದಿಂದ ಇಳಿದದ್ದು ವರ್ಲ್ಡ್‌ಸ್ಪೇಸ್. ಇಥಿಯೋಪಿಯ ಮೂಲದ ನೋವಾ ಸಮಾರ 1990ರಲ್ಲಿ ಕಟ್ಟಿದ ಕಂಪನಿ. ಆಫ್ರಿಕ, ಏಷ್ಯಾಗಳ ರೇಡಿಯೊ ಇಲ್ಲದ ಊರುಗಳಿಗೆ ಮಾಹಿತಿ ಮುಟ್ಟಿಸುವುದು ಮೂಲ ಕನಸು. 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಉಪಗ್ರಹಗಳು ಮೇಲೇರಿದವು. ಭಾರತದ ಕಚೇರಿ ಬೆಂಗಳೂರಿನಲ್ಲಿತ್ತು. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಾಂಧರ್ವ’, ಹಳೆಯ ಹಿಂದಿ ಹಾಡುಗಳಿಗೆ ‘ಫರಿಶ್ತಾ’, ಕನ್ನಡಕ್ಕೆ ‘ಸ್ಪರ್ಶ’. ಜಾಹೀರಾತಿನ ಗದ್ದಲವಿಲ್ಲದೆ ಇಡೀ ದಿನ ರಾಗವೇ ಕೇಳುವ ಸುಖ ಅನುಭವಿಸಿದವರು ಇಂದಿಗೂ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಪ್ರಚಾರದ ಮುಖ ಎ.ಆರ್. ರೆಹಮಾನ್.

ಆದರೆ ಅದು ಕೂತಲ್ಲೇ ಕೇಳುವ ರೇಡಿಯೊ. ಉಪಗ್ರಹ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ಸೀಮೆಯಿಂದ ನೋಡಿದರೆ ಪೂರ್ವದ ಕಡೆಗೆ, ದಿಗಂತದಿಂದ ಸುಮಾರು ಐವತ್ತು ಡಿಗ್ರಿ ಎತ್ತರದಲ್ಲಿ. ಅಂಗೈಯಗಲದ ಆಂಟೆನಾವನ್ನು ಪೂರ್ವದ ಕಿಟಕಿಯಲ್ಲಿಟ್ಟು, ತುಸು ಅತ್ತಿತ್ತ ತಿರುಗಿಸಿ ಸಿಗ್ನಲ್ ಹಿಡಿಯಬೇಕಿತ್ತು. ಮನೆಯ ಪೂರ್ವಕ್ಕೆ ಗುಡ್ಡವಿದ್ದರೆ, ತೆಂಗು ಅಡಿಕೆ ಒತ್ತಾಗಿ ನಿಂತಿದ್ದರೆ ಕಷ್ಟ. ಒಂದೂವರೆ ಗಿಗಾಹರ್ಟ್ಸ್‌ನ ಅಲೆಗೆ ಮಳೆಯಲ್ಲಿ ತೊಯ್ದ ಎಲೆಯೇ ಸಾಕಷ್ಟು ದೊಡ್ಡ ತಡೆ. ಕಾರಿಗಂತೂ ಇದನ್ನು ಹೊಂದಿಸುವ ಮಾತೇ ಇರಲಿಲ್ಲ.

ಅಮೆರಿಕದಲ್ಲಿ ಇದೇ ತಂತ್ರ ಕಾರಿನೊಳಗೇ ಗೆದ್ದದ್ದು ಹೇಗೆ? 2001ರಲ್ಲಿ ಎಕ್ಸ್‌ಎಂ, ಮರುವರ್ಷ ಸಿರಿಯಸ್ ಪ್ರಸಾರ ಆರಂಭಿಸಿದವು. ಸಿರಿಯಸ್ ತನ್ನ ಉಪಗ್ರಹಗಳನ್ನು ಮೊಟ್ಟೆಯಾಕಾರದ ಕಕ್ಷೆಯಲ್ಲಿ ತಿರುಗಿಸಿತು. ಹಾಗಾಗಿ ಅವು ಬಹುಹೊತ್ತು ನೆತ್ತಿಯ ಮೇಲೆಯೇ ಇರುತ್ತಿದ್ದವು, ಮರ ಕಟ್ಟಡಗಳ ಮರೆ ಕಡಿಮೆ. ಜೊತೆಗೆ ನಗರಗಳಲ್ಲಿ ನೆಲದ ಮೇಲೆ ಮರುಪ್ರಸಾರ ಕಂಬಗಳು. ಅದಕ್ಕಿಂತ ಮುಖ್ಯವಾಗಿ, ಕಾರು ಕಂಪನಿಗಳೇ ರಿಸೀವರ್ ಕೂರಿಸಿ ಮಾರಿದವು. 2008ರಲ್ಲಿ ಎರಡೂ ಒಂದಾದವು. ಈಗಲೂ ಮೂರು ಕೋಟಿಗೂ ಹೆಚ್ಚು ಚಂದಾದಾರರಿದ್ದಾರೆ. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2005ರಲ್ಲಿ ಉಪಗ್ರಹ ರೇಡಿಯೊ ಕುರಿತು ಶಿಫಾರಸು ಕೊಟ್ಟಿತು. ನೆಲದ ಕಂಬಗಳ ಜಾಲ ಮಾತ್ರ ಏಳಲಿಲ್ಲ. 2008ರ ಅಕ್ಟೋಬರಿನಲ್ಲಿ ವರ್ಲ್ಡ್‌ಸ್ಪೇಸ್ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ವರ್ಷದ ಚಂದಾ ಮುಂಗಡ ಕಟ್ಟಿದವರ ಕೈಯಲ್ಲಿ ಉಳಿದದ್ದು ಮೂಕ ಪೆಟ್ಟಿಗೆ.

ಇನ್ನೊಂದು ಪ್ರಯತ್ನವೂ ಬೆಂಗಳೂರಿನದೇ. ಅದನ್ನು ಹಗರಣವೆಂದಷ್ಟೇ ನೆನಪಿಟ್ಟುಕೊಂಡಿದ್ದೇವೆ. 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯ ಮಾಡಿಕೊಂಡ ಒಪ್ಪಂದದ ತಿರುಳು, ಎಸ್-ಬ್ಯಾಂಡ್ ಉಪಗ್ರಹದ ಮೂಲಕ ಓಡಾಡುವ ಫೋನು, ವಾಹನಗಳಿಗೆ ಧ್ವನಿ ಮತ್ತು ಚಿತ್ರ ಮುಟ್ಟಿಸುವುದು. 2011ರಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮೊಕದ್ದಮೆ ದೇಶವಿದೇಶ ಸುತ್ತಿ, 2022ರಲ್ಲಿ ಕಂಪನಿಯನ್ನು ಮುಚ್ಚುವ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಒಪ್ಪಂದದ ಉಪಗ್ರಹ, ಆರು ಮೀಟರ್ ಅಗಲಕ್ಕೆ ಬಿಚ್ಚಿಕೊಳ್ಳುವ ಆಂಟೆನಾ ಹೊತ್ತ ಜಿಸ್ಯಾಟ್-6 ಮಾತ್ರ 2015ರ ಆಗಸ್ಟಿನಲ್ಲಿ ಮೇಲೇರಿತು. ಒಪ್ಪಂದದ ಸರಿ ತಪ್ಪು ನ್ಯಾಯಾಲಯದ ಮಾತು. ಕಾರಿಗೆ ಉಪಗ್ರಹದ ಧ್ವನಿ ಎಂಬ ವಿಚಾರವೂ ಆ ಕಡತದೊಳಗೇ ಹೂತುಹೋಯಿತು ಎನ್ನುವುದು ನನ್ನ ತಕರಾರು.

ಖಾಲಿ ಜಾಗವನ್ನು ಸ್ಟ್ರೀಮಿಂಗ್ ತುಂಬಿತು, ಅದೂ ಬಹಳ ಬೇಗ. 2010ರಲ್ಲಿ ಗಾನಾ, 2016ರ ಸೆಪ್ಟೆಂಬರಿನಲ್ಲಿ ಜಿಯೊದ ಅಗ್ಗದ ಡೇಟಾ, 2019ರಲ್ಲಿ ಸ್ಪಾಟಿಫೈ. 2020ರಲ್ಲಿ ನೆಕ್ಸಾನ್ ಇವಿ ಬರುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಪರದೆ ಫೋನಿನ ಹಿಗ್ಗಿದ ರೂಪವಾಗಿತ್ತು. 2024ರಲ್ಲಿ ಬಂದ ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳ ಸದ್ದುಗಳನ್ನು ರೂಪಿಸಿದವರು, ಮತ್ತೆ, ರೆಹಮಾನ್! ಎಂಜಿನ್ನಿನ ಗುರುಗುರು ಇಲ್ಲದ ಕಾರಿನಲ್ಲಿ ಪಿಸುಮಾತಿನ ಹಾಡೂ ಕೇಳುತ್ತದೆ. ಬ್ಯಾಟರಿ ಖರ್ಚಾದೀತೆಂಬ ಭಯಕ್ಕೆ ಆಧಾರವಿಲ್ಲ. ಮೋಟಾರು ಕಿಲೊವ್ಯಾಟ್‌ಗಳ ಲೆಕ್ಕದಲ್ಲಿ ಉಣ್ಣುವಾಗ ಸ್ಪೀಕರ್ ಉಣ್ಣುವುದು ಹತ್ತಾರು ವ್ಯಾಟ್ ಅಷ್ಟೇ. ಡೇಟಾ ಕೂಡ ಹೆಚ್ಚಲ್ಲ. 128 ಕಿಲೊಬಿಟ್ ಗುಣಮಟ್ಟದಲ್ಲಿ ಗಂಟೆಗೆ 58 ಎಂಬಿ ಆಸುಪಾಸು.

ತೊಡಕಿರುವುದು ತಿರುವಿನಲ್ಲಿ. ಕಾಡು ದಟ್ಟವಾದಲ್ಲಿ ಪರದೆಯ ಮೇಲೆ ಚಕ್ರ ಸುತ್ತತೊಡಗುತ್ತದೆ. ‘ಟವರ್ ಇಲ್ಲೆ’ ಎಂಬ ನಮ್ಮ ಕಡೆಯ ನಿತ್ಯದ ಮಾತು ಲಕ್ಷಗಟ್ಟಲೆ ಬೆಲೆಯ ಕಾರಿಗೂ ಅನ್ವಯ. ಬಲ್ಲವರು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೊರಡುತ್ತಾರೆ. ಇನ್ನೂ ಬಲ್ಲವರು ಪೆನ್‌ಡ್ರೈವಿನಲ್ಲಿ ಇಡೀ ಯಕ್ಷಗಾನ ಪ್ರಸಂಗವನ್ನೇ ತುಂಬಿಸಿಟ್ಟಿರುತ್ತಾರೆ. ಭಾಗವತರ ಪದ ಚರಣದ ಮಧ್ಯೆ ತುಂಡಾಗುವುದನ್ನು ಸಹಿಸುವುದಕ್ಕಿಂತ ಅದೇ ಮೇಲು. ಸದ್ಯಕ್ಕೆ ಈ ರಸ್ತೆಯಲ್ಲಿ ಗೆದ್ದಿರುವುದು ಉಪಗ್ರಹವೂ ಅಲ್ಲ, ಸ್ಟ್ರೀಮಿಂಗೂ ಅಲ್ಲ, ಆ ಪೆನ್‌ಡ್ರೈವ್.

ಹಾಗಾದರೆ ಹಳೆಯ ಧಾರವಾಡ? ಇಲ್ಲೇ ಎಲೆಕ್ಟ್ರಿಕ್ ಕಾರಿನ ವ್ಯಂಗ್ಯ ಅಡಗಿದೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗಿಸುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆಗುತ್ತದೆ. ಅದರಿಂದ ಹೊಮ್ಮುವ ಗದ್ದಲ ಬೀಳುವುದು ಸರಿಯಾಗಿ ಮಧ್ಯಮ ತರಂಗದ ಮೇಲೆಯೇ. ಬಿಎಂಡಬ್ಲ್ಯು ಐ3, ಟೆಸ್ಲಾ ಕಾರುಗಳು ಮಧ್ಯಮ ತರಂಗ ಹಿಡಿಯುವ ಎಎಂ ರೇಡಿಯೊವನ್ನೇ ಕೈಬಿಟ್ಟವು. ಫೋರ್ಡ್ ಕೂಡ ಬಿಡಲು ಹೊರಟು, 2023ರಲ್ಲಿ ಟೀಕೆಗೆ ಮಣಿದು ಹಿಂದೆ ಸರಿಯಿತು. ತುರ್ತು ಸೂಚನೆಗಳು ಹಳ್ಳಿಗಾಡಿಗೆ ತಲುಪುವುದೇ ಎಎಂನಿಂದ ಎಂದು, ಪ್ರತಿ ಕಾರಿನಲ್ಲೂ ಅದು ಕಡ್ಡಾಯವಾಗಬೇಕೆಂಬ ಮಸೂದೆ ಅಮೆರಿಕದ ಸಂಸತ್ತಿಗೆ ಬಂತು. ಕವಚ ಹೊದಿಸಿ ಗದ್ದಲ ತಡೆಯಬಹುದು, ಖರ್ಚು ಬೀಳುತ್ತದೆ, ಅಷ್ಟೇ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ, ಕರೆಂಟು, ಟವರ್ ಒಟ್ಟಿಗೇ ಹೋಗುವ ನಮ್ಮ ಜಿಲ್ಲೆಯಲ್ಲಿ ಈ ಚರ್ಚೆಯೇ ಆಗಿಲ್ಲ.

ಆಕಾಶವಾಣಿ ತನ್ನ ಮಧ್ಯಮ ತರಂಗದ ಹಲವು ಪ್ರಸಾರಕಗಳನ್ನು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆ ಸಜ್ಜುಗೊಳಿಸಿದೆ. ಬೆಂಗಳೂರಿನ 612, ಧಾರವಾಡದ 765 ಆ ಪಟ್ಟಿಯಲ್ಲಿವೆ. ಹ್ಯುಂಡೈ, ಮಾರುತಿ, ಮಹೀಂದ್ರದ ಕೆಲವು ಕಾರುಗಳಲ್ಲಿ ರಿಸೀವರ್ ಕೂಡ ಇದೆ, ಮಾಲೀಕರಿಗೆ ಅದರ ಸುಳಿವಿಲ್ಲದಿದ್ದರೂ. ಇನ್ನೊಂದೆಡೆ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ರೂಪಿಸಿದ ಚಿಪ್ ನೆಚ್ಚಿಕೊಂಡು, ಇಂಟರ್‌ನೆಟ್ ಇಲ್ಲದೆಯೇ ಫೋನಿಗೆ ಪ್ರಸಾರ ಮುಟ್ಟಿಸುವ ‘ಡೈರೆಕ್ಟ್ ಟು ಮೊಬೈಲ್’ ಪ್ರಯೋಗ ನಡೆದಿದೆ. ಅದು ಬಳಸುವುದು 470ರಿಂದ 582 ಮೆಗಾಹರ್ಟ್ಸ್, ಹಳೆಯ ಟಿವಿ ಅಲೆಗಳು. ಗುಡ್ಡ ದಾಟುವ ಶಕ್ತಿ ಮೊಬೈಲ್ ಟವರಿಗಿಂತ ಹೆಚ್ಚು. ಪ್ರಯೋಗಕ್ಕೆಂದು 2024ರಲ್ಲಿ ಸರ್ಕಾರ ಹೇಳಿದ್ದು 19 ಸ್ಥಳ. ಹತ್ತೊಂಬತ್ತೂ ನಗರಗಳೇ, 4ಜಿ ಧಾರಾಳವಾಗಿ ಸಿಗುವಂಥವು.