ಕಾಣದ್ದನ್ನು ಅರಿಯುವುದು ಹೇಗೆ? ಕೋಲಾರದ ಗಣಿ ಹೇಳುವ ಕಥೆ



“ಕಣ್ಣಾರೆ ಕಂಡದ್ದನ್ನಷ್ಟೇ ನಂಬಬೇಕು, ವಿಜ್ಞಾನ ಹೇಳುವುದೂ ಅದನ್ನೇ ಅಲ್ಲವೇ?” ಎಂಬ ಮಾತು ನಮ್ಮ ನಡುವೆ ಆಗಾಗ ಬರುತ್ತದೆ. ವಿಜ್ಞಾನ ನಿಜಕ್ಕೂ ಹಾಗೆ ನಡೆಯುತ್ತದೆಯೇ? ಉತ್ತರಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಕೃಷ್ಣಗಿರಿಯ ನೆರೆಯ ಜಿಲ್ಲೆ ಕೋಲಾರದಲ್ಲೇ ಚಿನ್ನದ ಗಣಿ ಇತ್ತು. ಆ ಸುರಂಗಗಳನ್ನು ತೋಡಿದವರಲ್ಲಿ ತಮಿಳು ಸೀಮೆಯಿಂದ ಕೂಲಿಗೆ ಹೋದವರೇ ಹೆಚ್ಚು. ಚಿನ್ನಕ್ಕಾಗಿ ಅವರು ತೋಡಿದ ಆಳದಲ್ಲಿ ವಿಜ್ಞಾನಿಗಳು ಬೇರೊಂದನ್ನು ಹುಡುಕಿದರು.

ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಹೋಮಿ ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ಉಪಕರಣಗಳೊಂದಿಗೆ ಗಣಿಗೆ ಇಳಿದರು. ಆಕಾಶದಿಂದ ಮ್ಯುಯಾನ್ ಎಂಬ ಸೂಕ್ಷ್ಮ ಕಣಗಳು ಸದಾ ನಮ್ಮ ಮೇಲೆ ಸುರಿಯುತ್ತಿರುತ್ತವೆ. ಕೆಳಗೆ ಹೋದಷ್ಟೂ ಬಂಡೆ ಅವನ್ನು ತಡೆಯುತ್ತದೆ. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಕಣವೂ ದಾಖಲಾಗಲಿಲ್ಲ. ಅದು ಸೋಲಲ್ಲ. ಬೇರೆ ಸದ್ದೆಲ್ಲ ಅಡಗಿದ ಅಂಥ ಆಳವೇ ನ್ಯೂಟ್ರಿನೊ ಹುಡುಕಲು ಸರಿಯಾದ ಜಾಗ ಎಂದು ಆ ಮೌನವೇ ತಿಳಿಸಿತು.

ನ್ಯೂಟ್ರಿನೊವನ್ನು ಯಾರೂ ಕಣ್ಣಿಂದ ಕಾಣಲಾರರು. ಅದು ಬಂಡೆಯೊಳಗೆ ಬಲು ಅಪರೂಪಕ್ಕೆ ಡಿಕ್ಕಿ ಹೊಡೆದಾಗ ಹುಟ್ಟುವ ಕಣದ ಜಾಡು ಮಾತ್ರ ಸಿಗುತ್ತದೆ. ಮೇಲಿನಿಂದಲ್ಲದೆ ಪಕ್ಕದಿಂದ ಬಂದ ಜಾಡಾದರೆ, ಅಷ್ಟು ದಪ್ಪ ಬಂಡೆಯನ್ನು ದಾಟಿ ಬರಲು ನ್ಯೂಟ್ರಿನೊಗಲ್ಲದೆ ಬೇರೆ ಯಾವುದಕ್ಕೂ ಸಾಧ್ಯವಿಲ್ಲ. 1965ರಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡ 2.3 ಕಿ.ಮೀ. ಆಳದಲ್ಲಿ ಅಂಥ ಜಾಡುಗಳನ್ನು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಅವು ಸಿಕ್ಕವು. ಒಬ್ಬರ ಸಾಕ್ಷ್ಯಕ್ಕೆ ಇನ್ನೊಬ್ಬರ ಸಾಕ್ಷ್ಯ ಜೊತೆಯಾಯಿತು.

ಕಥೆಯ ಇನ್ನೊಂದು ಮುಖವನ್ನೂ ನಾವು ಮರೆಯಬಾರದು. 1980ರ ದಶಕದಲ್ಲಿ ಇದೇ ಗಣಿಯ ತಂಡ, ಪ್ರೋಟಾನ್ ಒಡೆದುಹೋಗುವ ಗುರುತುಗಳಿರಬಹುದಾದ ಕೆಲವು ಘಟನೆಗಳನ್ನು ಪ್ರಕಟಿಸಿತು. ಜಪಾನ್ ಮತ್ತು ಅಮೆರಿಕದ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ಆ ಮಾತು ಬಿದ್ದುಹೋಯಿತು. ಆದರೂ ತಂಡದ ಗೌರವ ಕುಂದಲಿಲ್ಲ, ಏಕೆಂದರೆ ಅವರು ತಮ್ಮ ಮಾತನ್ನು ಪರೀಕ್ಷೆಗೆ ಒಡ್ಡಿದ್ದರು.

ನಿವೃತ್ತಿಯ ನಂತರ ಶ್ರೀಕಂಠನ್ ಬೆಂಗಳೂರಿನಲ್ಲಿದ್ದುಕೊಂಡು ವಿಜ್ಞಾನದ ತತ್ತ್ವಶಾಸ್ತ್ರ ಮತ್ತು ಪ್ರಜ್ಞೆಯ ಕುರಿತ ಚಿಂತನೆಯಲ್ಲಿ ತೊಡಗಿದರು. ಮಿದುಳನ್ನು ಹೊರಗಿನಿಂದ ಅಳೆಯಬಹುದು. ಆದರೆ ತಾಯಿಯನ್ನು ಕಳೆದುಕೊಂಡವರ ಒಳಗಿನ ನೋವು ಆ ಅಳತೆಯಲ್ಲಿ ಪೂರ್ತಿ ಸಿಗುತ್ತದೆಯೇ? ಮುಂದೊಂದು ದಿನ ಸಿಗುತ್ತದೆ ಎನ್ನುವವರಿದ್ದಾರೆ. ಹೊರಗಿನ ಅಳತೆಗೆ ಒಳಗಿನ ಅನುಭವ ಎಂದೂ ಎಟುಕದು ಎನ್ನುವವರೂ ಇದ್ದಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಇದರಿಂದ ದೇವರಿದ್ದಾರೆಂದು ವಿಜ್ಞಾನ ಸಾಧಿಸಿತು ಎಂದು ನಾವು ಹೇಳಬಾರದು. ನ್ಯೂಟ್ರಿನೊವನ್ನು ಹುಡುಕುವ ದಾರಿಯೇ ಬೇರೆ, ವಿಶ್ವಾಸದ ದಾರಿಯೇ ಬೇರೆ. ಪ್ರಾಮಾಣಿಕ ಸಂಶೋಧನೆಗೆ ವಿಶ್ವಾಸ ಅಂಜಬೇಕಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆಯೂ ಅದೇ 1965ರಲ್ಲಿ ತಿಳಿಸಿತು. ಸಂದೇಹಪಟ್ಟ ತೋಮನನ್ನು ಯೇಸುಸ್ವಾಮಿ ಹೊರಗಟ್ಟಲಿಲ್ಲ, ಬಳಿಗೆ ಕರೆದರು. ಮನೆಯಲ್ಲಿ ಮಕ್ಕಳು ಕಷ್ಟದ ಪ್ರಶ್ನೆ ಕೇಳಿದಾಗ ನಾವೂ ಬಾಯಿ ಮುಚ್ಚಿಸದೆ ಜೊತೆಯಲ್ಲಿ ಕೂತು ಹುಡುಕೋಣ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದರಲ್ಲಿ ಅವಮಾನವೇನೂ ಇಲ್ಲ.