ಹಾಸಿಗೆಯ ಬಳಿಯ ಸತ್ಯ

ನವೆಂಬರ್ ತಿಂಗಳು ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲು. ಅಗಲಿದವರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವ ನಾವು, ಇನ್ನೂ ನಮ್ಮ ನಡುವೆ ಮಲಗಿರುವ ರೋಗಿಗಳೊಡನೆ ಹೇಗೆ ಮಾತನಾಡುತ್ತೇವೆ? ಈ ಪ್ರಶ್ನೆಯನ್ನು ನೂರಾರು ಪುಸ್ತಕಗಳಿಗಿಂತ ತೀಕ್ಷ್ಣವಾಗಿ ಕೇಳುವ ಕಥೆಯೊಂದಿದೆ. ಅದು ರಷ್ಯಾದ ಲಿಯೋ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲಿಚ್‌ನ ಮರಣ'.

ಕಥೆಯ ಹಿಂದೆ ಇತಿಹಾಸವಿದೆ. ತೂಲಾ ನಗರದ ನ್ಯಾಯಾಂಗ ಅಧಿಕಾರಿ ಇವಾನ್ ಇಲಿಚ್ ಮೆಚ್ನಿಕೋವ್ 1881ರಲ್ಲಿ ತೀರಿಕೊಂಡರು. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಮೆಚ್ನಿಕೋವ್ ಇವರ ತಮ್ಮ. ಈ ಸಾವಿನ ವೃತ್ತಾಂತ ಕೇಳಿದ ಟಾಲ್‌ಸ್ಟಾಯ್ ಅದರಿಂದ ತಮ್ಮ ಕಥೆಯನ್ನು ಕಟ್ಟಿದರು.

ಕಥಾನಾಯಕ ನಲವತ್ತೈದು ವರ್ಷದ ನ್ಯಾಯಾಧೀಶ. ಹೊಸ ಮನೆಗೆ ಪರದೆ ಕಟ್ಟಿಸುವಾಗ ಏಣಿಯಿಂದ ಜಾರಿ ಪಕ್ಕೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ನೋವು ದಿನೇ ದಿನೇ ಬೆಳೆಯುತ್ತದೆ. ಮನುಷ್ಯರೆಲ್ಲರೂ ಸಾಯುವವರೆಂದು ತರ್ಕಶಾಸ್ತ್ರದ ಪಾಠದಲ್ಲಿ ಕಲಿತಿದ್ದವನಿಗೆ, ಆ ಮಾತು ತನಗೂ ಅನ್ವಯಿಸುತ್ತದೆಂದು ನಂಬಲಾಗುವುದಿಲ್ಲ. ನೋವಿಗಿಂತ ಅವನನ್ನು ಹೆಚ್ಚು ಹಿಂಸಿಸುವುದು ಸುತ್ತಲಿನವರ ಸುಳ್ಳು. ಅವನು ಸಾಯುತ್ತಿದ್ದಾನೆಂಬುದು ಎಲ್ಲರಿಗೂ ಗೊತ್ತು. ಆದರೆ ಕೇವಲ ಕಾಯಿಲೆ ಎಂಬಂತೆ ಎಲ್ಲರೂ ನಟಿಸುತ್ತಾರೆ. ಹಳ್ಳಿಯ ಯುವಕ ಗೆರಾಸಿಮ್ ಎಂಬ ಸೇವಕನೊಬ್ಬನೇ ನಟಿಸುವುದಿಲ್ಲ. ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಹೊತ್ತು ರಾತ್ರಿಯೆಲ್ಲ ಕೂರುತ್ತಾನೆ.

ಅಥಣಿ ತಾಲ್ಲೂಕಿನ ತೆಲಸಂಗದಂಥ ಊರಿನಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಓಣಿಯೇ ಮಾತಾಡಿಸಲು ಬರುತ್ತದೆ. ಇದು ದೊಡ್ಡ ಭಾಗ್ಯ. ಆದರೂ ಬಂದವರ ಬಾಯಲ್ಲಿ ಒಂದೇ ಮಾತು: "ಏನೂ ಆಗಿಲ್ಲರಿ, ಆರಾಮ ಆಗ್ತದ." ಪ್ರೀತಿಯಿಂದ ಹುಟ್ಟಿದ ಸುಳ್ಳೂ ರೋಗಿಯನ್ನು ಒಂಟಿಯಾಗಿಸುತ್ತದೆ.

ಮರಣವನ್ನು ಮರೆಮಾಚದ ಉದಾಹರಣೆಯೂ ನಮ್ಮ ಸೀಮೆಯಲ್ಲೇ ಉಂಟು. ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿದ ಜೈನ ಆಚಾರ್ಯ ಶಾಂತಿಸಾಗರರು, ದೃಷ್ಟಿ ಮಂದವಾದಾಗ ಸಲ್ಲೇಖನ ವ್ರತ ಸ್ವೀಕರಿಸಿ, 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ದೇಹ ಬಿಟ್ಟರು. ಜೀವವು ದೇವರ ಕೊಡುಗೆ, ಅದರ ಕೊನೆಯ ಗಳಿಗೆಯೂ ಆತನದೇ ಎಂಬುದು ನಮ್ಮ ವಿಶ್ವಾಸ. ಆದ್ದರಿಂದ ಆ ವ್ರತ ನಮ್ಮ ಮಾರ್ಗವಲ್ಲ. ಆದರೆ ಅವರ ಸುತ್ತ ನೆರೆದ ಭಕ್ತರಲ್ಲಿ ಯಾರೂ ನಟಿಸಬೇಕಾಗಿರಲಿಲ್ಲ. ಆ ಸತ್ಯಸಂಧತೆಯನ್ನು ನಾವು ಗೌರವದಿಂದ ಕಲಿಯಬಹುದು.

ಧರ್ಮಸಭೆಯು ನಮಗೆ ಕೊಟ್ಟಿರುವ ಮಾರ್ಗ ಬೇರೆ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, 'ಅಂತ್ಯಾಭ್ಯಂಗ'ವನ್ನು 'ರೋಗಿಗಳ ಅಭ್ಯಂಗ'ವೆಂದು ಕರೆಯುವುದೇ ಹೆಚ್ಚು ಸೂಕ್ತ, ಅದು ಕೊನೆಯುಸಿರಿನವರಿಗೆ ಮಾತ್ರ ಮೀಸಲಲ್ಲ ಎಂದು ಬೋಧಿಸಿತು. ಆದರೂ ಎಷ್ಟೋ ಮನೆಗಳಲ್ಲಿ ಗುರುಗಳನ್ನು ಕರೆಯುವುದು ರೋಗಿಗೆ ಪ್ರಜ್ಞೆ ತಪ್ಪಿದ ಮೇಲೆ. "ಫಾದರ್ ಬಂದರೆ ಅಪ್ಪ ಹೆದರಿಕೊಂಡಾರು" ಎಂಬ ಅಳುಕು. ಹೀಗೆ ತಡಮಾಡಿದಾಗ ಪಾಪನಿವೇದನೆ ಮಾಡುವ, ಮಕ್ಕಳನ್ನು ಹರಸುವ, ಮುನಿದ ತಮ್ಮನನ್ನು ಕರೆಸಿಕೊಳ್ಳುವ ಅವಕಾಶವನ್ನು ನಾವೇ ಅಪ್ಪನಿಂದ ಕಸಿದುಕೊಂಡಂತಾಗುತ್ತದೆ.

ಇವಾನ್ ಇಲಿಚ್ ಪಾಪನಿವೇದನೆ ಮಾಡಿ ಕಣ್ಣೀರಿನಿಂದ ಪರಮಪ್ರಸಾದ ಸ್ವೀಕರಿಸುತ್ತಾನೆ, ಕ್ಷಣಕಾಲ ಹಗುರವಾಗುತ್ತಾನೆ. ಆದರೆ ಹೆಂಡತಿ ಆರೋಗ್ಯ ಸುಧಾರಿಸಿತೇ ಎಂದು ಕೇಳಿದೊಡನೆ ಹಳೆಯ ಸುಳ್ಳು ಮರಳುತ್ತದೆ. ಅನಂತರ ಮೂರು ದಿನ ಅವನ ಚೀತ್ಕಾರ ನಿಲ್ಲುವುದಿಲ್ಲ. ಕೊನೆಗೆ ಅವನ ಕೈ ಶಾಲೆಗೆ ಹೋಗುವ ಮಗನ ತಲೆಯ ಮೇಲೆ ಬೀಳುತ್ತದೆ. ಬಾಲಕ ಆ ಕೈಯನ್ನು ತುಟಿಗೊತ್ತಿಕೊಂಡು ಅಳುತ್ತಾನೆ. ಆಗ ತಂದೆಗೆ ತನ್ನ ನೋವಿಗಿಂತ ಮನೆಯವರ ನೋವು ಕಾಣಿಸುತ್ತದೆ. ಕ್ಷಮಿಸು ಎನ್ನಲು ಹೋಗಿ ಅವನ ನಾಲಿಗೆ ಬೇರೊಂದು ಪದವನ್ನು ಉಚ್ಚರಿಸುತ್ತದೆ. ತಿಳಿಯಬೇಕಾದವನಿಗೆ ತಿಳಿದೀತೆಂದು ಅವನು ಸುಮ್ಮನಾಗುತ್ತಾನೆ. ಮರಣಭಯ ಕರಗಿ, ಅದರ ಜಾಗದಲ್ಲಿ ಬೆಳಕು ಕಾಣುತ್ತದೆ.

ಟಾಲ್‌ಸ್ಟಾಯರನ್ನು 1901ರಲ್ಲಿ ರಷ್ಯಾದ ಆರ್ಥೊಡಾಕ್ಸ್ ಧರ್ಮಸಭೆಯು ಬಹಿಷ್ಕರಿಸಿತು. ಅವರ ಎಲ್ಲ ವಿಚಾರಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಈ ಕಥೆಯ ಕೊನೆಯ ಪುಟದಲ್ಲಿ ಕ್ಷಮಾಯಾಚನೆ, ಕರುಣೆ ಮತ್ತು ಬೆಳಕು ಒಂದೇ ಹಾಸಿಗೆಯ ಬಳಿ ಕೂಡಿವೆ. ಶಿಲುಬೆಯ ಮೇಲೆಯೂ ಅವು ಕೂಡಿದ್ದವು.

ನಿಮ್ಮ ಮನೆಯಲ್ಲಿ ಯಾರಾದರೂ ಮಲಗಿದ್ದರೆ, ಈ ತಿಂಗಳು ಅವರ ಬಳಿ ಕುಳಿತು ಕೈ ಹಿಡಿಯಿರಿ. ಅವರು ಮರಣದ ಮಾತೆತ್ತಿದರೆ ತಡೆಯಬೇಡಿ, ಕೇಳಿಸಿಕೊಳ್ಳಿ. ಗುರುಗಳನ್ನು ಬೇಗ ಕರೆಯಿರಿ.